ಹಗುರ ಗಾಡಿಯ ಲೆಕ್ಕ: ಬೆಂಗಳೂರಿನ ಡಾಲ್ಫಿನ್

ಸಿಪಾನಿ ಡಾಲ್ಫಿನ್ 1982ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ಎರಡು ಬಾಗಿಲಿನ ಪುಟ್ಟ ಕಾರು. ಮೈ ಪೂರ್ತಿ ಫೈಬರ್, ಎಂಜಿನ್ ಅಲ್ಯೂಮಿನಿಯಂ, ತೂಕ ಹೆಚ್ಚುಕಡಿಮೆ ಅಂಬಾಸಿಡರಿನ ಅರ್ಧ. ಸಂಸಾರಸ್ಥರಿಗಾಗಿ ಮಾಡಿದ ಈ ಗಾಡಿಯನ್ನು ಸಂಸಾರಸ್ಥರು ಅಷ್ಟಾಗಿ ಕೊಳ್ಳಲಿಲ್ಲ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ಕಾರು ಓಡಿಸಲು ಹೋಗುತ್ತಿದ್ದ ರೇಸಿನವರು ಮಾತ್ರ ಅದನ್ನು ಮೆಚ್ಚಿಕೊಂಡರು. ಓಟದಲ್ಲಿ ಮೆಚ್ಚುಗೆ ಗಳಿಸಿದ್ದಕ್ಕೆ ಮುಖ್ಯ ಕಾರಣ ಅದರ ತೂಕ; ಪೇಟೆಯಲ್ಲಿ ಸೋತದ್ದರಲ್ಲೂ ಅದರ ಪಾಲಿದೆ. ಕಾರು ಹಗುರವಾದರೆ ಏನೇನು ಲಾಭ, ಅದಕ್ಕೆ ಎಲ್ಲೆಲ್ಲಿ ಬೆಲೆ ತೆರಬೇಕು ಎಂಬುದನ್ನು ತಿಳಿಯಲು ಕರ್ನಾಟಕದಲ್ಲೇ ತಯಾರಾದ ಈ ಗಾಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಚಕ್ಕಡಿಯ ಪಾಠ

ಹೊಲದ ಚಕ್ಕಡಿಗೂ ಶರ್ಯತ್ತಿನ ಬಂಡಿಗೂ ಇರುವ ಅಂತರ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆಯ ರೈತರಿಗೆ ಹೇಳಿಕೊಡಬೇಕಾದ್ದಲ್ಲ. ಹೊಲದ ಚಕ್ಕಡಿ ಕಬ್ಬು, ಜೋಳ, ಗೊಬ್ಬರ ಹೊರಬೇಕು. ಎರೆಮಣ್ಣಿನ ಗಾಲಿಜಾಡಿನಲ್ಲಿ ಸಿಕ್ಕಿಕೊಂಡರೂ ಮುರಿಯಬಾರದು. ಹೀಗಾಗಿ ಅದರ ಪ್ರತಿ ಮರದ ತುಂಡೂ ದಪ್ಪ. ಓಟದ ಬಂಡಿ ಹೊರುವುದು ಓಡಿಸುವವನನ್ನು ಮಾತ್ರ. ಅಲ್ಲಿ ಬೇಡದ ಮರವೆಲ್ಲ ಎತ್ತುಗಳ ಕಾಲಿಗೆ ಭಾರ. ಗೋಳಗುಮ್ಮಟದ ಮುಂದೆ ನಿಲ್ಲುವ ಟಾಂಗಾಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಒಂದೇ ಕುದುರೆ ನಾಲ್ಕು ಜನರನ್ನು ಎಳೆದುಕೊಂಡು ಹೋಗಬೇಕಾದರೆ ಗಾಡಿ ತಾನೇ ಭಾರವಾಗಿ ಕೂರುವಂತಿಲ್ಲ.

ಕಾರಿನಲ್ಲಿ ಕುದುರೆಯ ಜಾಗದಲ್ಲಿ ಎಂಜಿನ್ ಇದೆ, ಅದರ ಬಲವನ್ನು ಅಳೆಯುವುದೂ ಅಶ್ವಶಕ್ತಿಯಲ್ಲೇ. ಆದರೆ ಕಾರು ಎಷ್ಟು ಚುರುಕು ಎಂಬುದನ್ನು ಅಶ್ವಶಕ್ತಿಯೊಂದೇ ಹೇಳುವುದಿಲ್ಲ. ಆ ಬಲವನ್ನು ತೂಕದಿಂದ ಭಾಗಿಸಬೇಕು. ಡಾಲ್ಫಿನ್‌ನ ಮೂಲ ಮಾದರಿಯ ಎಂಜಿನ್ ಸುಮಾರು 40 ಅಶ್ವಶಕ್ತಿಯದು, ತೂಕ ಸುಮಾರು 520 ಕಿಲೋ. ಅದೇ ಕಾಲದ ಪ್ರೀಮಿಯರ್ ಪದ್ಮಿನಿಗೂ ಸರಿಸುಮಾರು ಅಷ್ಟೇ ಬಲ, ತೂಕ ಮಾತ್ರ 900 ಕಿಲೋ ಹತ್ತಿರ. 70 ಕಿಲೋ ತೂಕದ ಚಾಲಕ ಒಬ್ಬನೇ ಕೂತರೆ ಹಗುರ ಕಾರಿಗೆ ಟನ್ನಿಗೆ ಸುಮಾರು 68 ಅಶ್ವಶಕ್ತಿ ಸಿಗುತ್ತದೆ, ಪದ್ಮಿನಿಗೆ 41. ಎಂಜಿನ್ನನ್ನು ಮುಟ್ಟದೆಯೇ ಒಂದೂವರೆ ಪಟ್ಟಿಗಿಂತ ಹೆಚ್ಚು ಚುರುಕು ಸಿಕ್ಕಂತಾಯಿತು.

ಹಗುರದ ಲಾಭ ವೇಗ ಹಿಡಿಯುವುದಕ್ಕಷ್ಟೇ ಮುಗಿಯುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರನ್ನು ನಿಲ್ಲಿಸುವಾಗ ಅದರ ಚಲನಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಿ ಕರಗಬೇಕು. ಪದ್ಮಿನಿಯ ತೂಕದ ಗಾಡಿ ಕರಗಿಸಬೇಕಾದ ಶಕ್ತಿ ಡಾಲ್ಫಿನ್‌ಗಿಂತ ಮೂರನೇ ಎರಡು ಪಾಲಿನಷ್ಟು ಹೆಚ್ಚು. ಅಂದರೆ ಹಗುರ ಗಾಡಿ ಸಣ್ಣ ಬ್ರೇಕಿನಲ್ಲೇ ನಿಲ್ಲುತ್ತದೆ, ಸುತ್ತಿನ ಮೇಲೆ ಸುತ್ತು ಹೊಡೆದರೂ ಬ್ರೇಕು ಬೇಗ ಕಾದು ಸೋಲುವುದಿಲ್ಲ. ತಿರುವಿನಲ್ಲೂ ಹೀಗೆಯೇ. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ಕೊಂಚ ಕಡಿಮೆಯೇ ಏರುತ್ತದೆ. ಆದ್ದರಿಂದ ಅದೇ ಟೈರಿನ ಮೇಲೆ ಹಗುರವಾಗಿ ಕೂತ ಕಾರು ತಿರುವನ್ನು ಹೆಚ್ಚು ವೇಗದಲ್ಲಿ ದಾಟಬಲ್ಲದು.

ತೂಕ ತಗ್ಗುವುದು ಸರಪಳಿಯಂತೆ. ಮೈ ಹಗುರವಾದರೆ ಚಾಸಿ ತೆಳ್ಳಗಿದ್ದರೂ ನಡೆಯುತ್ತದೆ. ಅವೆರಡೂ ಹಗುರವಾದರೆ ಸ್ಪ್ರಿಂಗು ಮೃದುವಾಗಬಹುದು, ಬ್ರೇಕು ಚಿಕ್ಕದಾಗಬಹುದು, ಗಾಲಿ ಸಣ್ಣದಾಗಬಹುದು. ಇಷ್ಟಾದ ಮೇಲೆ ದೊಡ್ಡ ಎಂಜಿನ್ ಬೇಕಿಲ್ಲ; ಸಣ್ಣ ಎಂಜಿನ್ನಿಗೆ ಸಣ್ಣ ಗೇರ್‌ಬಾಕ್ಸ್, ಸಣ್ಣ ರೇಡಿಯೇಟರ್, ಸಣ್ಣ ಪೆಟ್ರೋಲ್ ಟ್ಯಾಂಕ್ ಸಾಕು. ಹಗುರ ಕಾರಿನ ವಿನ್ಯಾಸಕ ಒಂದು ಭಾಗದಲ್ಲಿ ಉಳಿಸಿದ ಕಿಲೋ ಇನ್ನೊಂದು ಭಾಗದಲ್ಲಿ ಬಡ್ಡಿ ಹುಟ್ಟಿಸುತ್ತದೆ.

ಆಸ್ಟಿನ್ 7ರ ವಂಶ

ಈ ವಿದ್ಯೆಯ ಮೂಲ ಪುರುಷ ಎನ್ನಬಹುದಾದ ಕಾರು 1922ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಆಸ್ಟಿನ್ 7. ಹರ್ಬರ್ಟ್ ಆಸ್ಟಿನ್ ತನ್ನ ಕಂಪನಿಯ ಹದಿಹರೆಯದ ನಕ್ಷೆಗಾರ ಸ್ಟಾನ್ಲಿ ಎಡ್ಜ್‌ನನ್ನು ಜೊತೆಗಿಟ್ಟುಕೊಂಡು ಅದನ್ನು ರೂಪಿಸಿದ. ಮೊದಲ ಕಾರುಗಳ ತೂಕ 360 ಕಿಲೋ ಆಸುಪಾಸು, ಎಂಜಿನ್ ಕೆಲವೇ ತಿಂಗಳಲ್ಲಿ 747 ಸಿಸಿಗೆ ಬಂದು ನಿಂತಿತು. ಬಡ ಮಧ್ಯಮ ವರ್ಗದವರು ಮೋಟಾರ್ ಸೈಕಲ್ ಬಿಟ್ಟು ಕಾರು ಹತ್ತಲಿ ಎಂಬುದು ಉದ್ದೇಶ. ಆದರೆ ಇಷ್ಟು ಹಗುರದ ಗಾಡಿ ರೇಸಿನವರ ಕಣ್ಣಿಗೆ ಬೀಳದೆ ಉಳಿಯಲಿಲ್ಲ. 1930ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ 500 ಮೈಲಿ ಓಟವನ್ನು ಆಸ್ಟಿನ್ 7 ಗೆದ್ದಿತು. ದೊಡ್ಡ ಎಂಜಿನ್ನಿನ ಕಾರುಗಳಿಗೆ ಎಂಜಿನ್ನಿನ ಅಳತೆಯ ಪ್ರಕಾರ ಹಿನ್ನಡೆ ಕೊಟ್ಟಿದ್ದ ಓಟ ಅದು. ಹಾಗಿದ್ದರೂ ಮುಕ್ಕಾಲು ಲೀಟರಿನ ಕಾರು 500 ಮೈಲಿಯನ್ನು ಗಂಟೆಗೆ 83 ಮೈಲಿ ಸರಾಸರಿಯಲ್ಲಿ ಮುಗಿಸಿದ್ದು ಸಣ್ಣ ಮಾತಲ್ಲ.

ಹಳೆಯ ಆಸ್ಟಿನ್ 7ಗಳು ಅಗ್ಗವಾಗಿ ಸಿಗತೊಡಗಿದ ಮೇಲೆ ಹುಡುಗರು ಅದರ ಮೈ ಬಿಚ್ಚಿ, ಚಾಸಿಯ ಮೇಲೆ ತಾವೇ ತಗಡು ಬಡಿದು ಓಟದ ಕಾರು ಮಾಡಿಕೊಂಡರು. 1939ರಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್ ಇಂಥವರ ಸಂಘ. ಕಾಲಿನ್ ಚಾಪ್ಮನ್ 1948ರಲ್ಲಿ ಕಟ್ಟಿದ ಮೊದಲ ಲೋಟಸ್‌ಗೂ ಆಸ್ಟಿನ್ 7 ಚಾಸಿಯೇ ಆಧಾರ. ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರೆನ್ ರೇಸು ಕಲಿತದ್ದು ಆಸ್ಟಿನ್ 7 ಅಲ್ಸ್ಟರ್ ಮೇಲೆ. ಫಾರ್ಮುಲಾ ಒನ್‌ನ ಎರಡು ದೊಡ್ಡ ಹೆಸರುಗಳ ಬೇರು ಒಂದೇ ಪುಟ್ಟ ಗಾಡಿಯಲ್ಲಿದೆ. ಚಾಪ್ಮನ್ ಜೀವನವಿಡೀ ಪಾಲಿಸಿದ್ದು ಆ ಗಾಡಿ ಕಲಿಸಿದ ಪಾಠವನ್ನೇ: ಮೊದಲು ಭಾಗಗಳನ್ನು ಕಡಿಮೆ ಮಾಡು, ಉಳಿದದ್ದನ್ನು ಹಗುರ ಮಾಡು. 1957ರ ಲೋಟಸ್ 7 ಅದರ ಶುದ್ಧ ರೂಪ. ತೆಳು ಕೊಳವೆಗಳ ಹಂದರ, ಅದರ ಮೇಲೆ ಅಲ್ಯೂಮಿನಿಯಂ ತಗಡು, ಇಬ್ಬರಿಗೆ ಜಾಗ, ಬೇರೇನೂ ಇಲ್ಲ.

ಬೆಂಗಳೂರಿನ ಡಾಲ್ಫಿನ್ ಕೂಡ ಇದೇ ವಂಶದ ಇನ್ನೊಂದು ಕೊಂಬೆ. ಇಂಗ್ಲೆಂಡಿನ ಟ್ಯಾಮ್ವರ್ತ್ ಊರಿನಲ್ಲಿ 1935ರಲ್ಲಿ ಶುರುವಾದ ರಿಲಯಂಟ್ ಕಂಪನಿ ಮೂರು ಗಾಲಿಯ ಸಾಮಾನು ಗಾಡಿಗಳಿಗೆ ಆಸ್ಟಿನ್ 7 ಎಂಜಿನ್ ಬಳಸುತ್ತಿತ್ತು. 1939ರ ಹೊತ್ತಿಗೆ ಆಸ್ಟಿನ್ ಆ ಎಂಜಿನ್ ನಿಲ್ಲಿಸಿದಾಗ ರಿಲಯಂಟ್ ಅದೇ ಮಾದರಿಯ ಎಂಜಿನ್ನನ್ನು ತಾನೇ ಎರಕ ಹೊಯ್ಯತೊಡಗಿತು. 1960ರ ದಶಕದ ಆರಂಭದಲ್ಲಿ ಅದರ ಜಾಗಕ್ಕೆ ಪೂರ್ತಿ ಅಲ್ಯೂಮಿನಿಯಂ ಎಂಜಿನ್ ಬಂತು. ಮೊದಲು 598 ಸಿಸಿ ಇದ್ದದ್ದು ಹಂತಹಂತವಾಗಿ ಬೆಳೆದು 1975ಕ್ಕೆ 848 ಸಿಸಿ ಆಯಿತು. ಆಸ್ಟಿನ್ 7 ಎಂಜಿನ್ನುಗಳು ಸವೆದು ಅಪರೂಪವಾದ ಮೇಲೆ 750 ಮೋಟಾರ್ ಕ್ಲಬ್ಬಿನ ಓಟಗಳಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದದ್ದೂ ಈ ರಿಲಯಂಟ್ ಎಂಜಿನ್ನೇ.

ಈ 848 ಸಿಸಿ ಎಂಜಿನ್ ಹೊತ್ತು 1975ರಲ್ಲಿ ಬಂದ ನಾಲ್ಕು ಗಾಲಿಯ ಪುಟ್ಟ ಕಾರಿನ ಹೆಸರು ರಿಲಯಂಟ್ ಕಿಟನ್, ಅಂದರೆ ಬೆಕ್ಕಿನ ಮರಿ. 1973ರ ತೈಲ ಬಿಕ್ಕಟ್ಟು ಜನರನ್ನು ಲೀಟರಿಗೆ ಎಷ್ಟು ಎಂದು ಕೇಳುವಂತೆ ಮಾಡಿದ್ದ ಕಾಲ ಅದು. ಕಿಟನ್ ತಯಾರಿಕೆ 1982ರಲ್ಲಿ ನಿಂತಿತು. ಅದೇ ವರ್ಷ ಅದು ಡಾಲ್ಫಿನ್ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ಎರಡನೇ ಜನ್ಮ ಪಡೆಯಿತು.

ಬಾದಲ್‌ನಿಂದ ಡಾಲ್ಫಿನ್‌ಗೆ

ಬೆಂಗಳೂರಿನ ಕಂಪನಿಗೆ ಮೊದಲು ಇದ್ದ ಹೆಸರು ಸನ್‌ರೈಸ್ ಆಟೊ ಇಂಡಸ್ಟ್ರೀಸ್. 1970ರ ದಶಕದ ನಡುಭಾಗದಲ್ಲಿ ಅದು ಬಾದಲ್ ಎಂಬ ಮೂರು ಗಾಲಿಯ ಕಾರು ತಂದಿತು. ಮುಂದೆ ಒಂದು ಗಾಲಿ, ಹಿಂದೆ ಎರಡು ಗಾಲಿ, ಹಿಂಬದಿಯಲ್ಲಿ 198 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್, ಮೈ ಫೈಬರಿನದು. ಮುಂದೆ ಕಂಪನಿ ಸಿಪಾನಿ ಆಟೊಮೊಬೈಲ್ಸ್ ಆಯಿತು. ಆ ದಿನಗಳಲ್ಲಿ ಭಾರತದಲ್ಲಿ ಕಾರು ಎಂದರೆ ಅಂಬಾಸಿಡರ್, ಪದ್ಮಿನಿ ಮತ್ತು ಮದ್ರಾಸಿನ ಸ್ಟ್ಯಾಂಡರ್ಡ್. ಹೊಸಬರಿಗೆ ಲೈಸೆನ್ಸ್ ಸಿಗುವುದೇ ದುಸ್ತರ, ಸಿಕ್ಕರೂ ಉಕ್ಕಿನ ಮೈ ಒತ್ತುವ ಪ್ರೆಸ್ಸು ಮತ್ತು ಡೈಗಳಿಗೆ ಹಾಕಬೇಕಾದ ಬಂಡವಾಳ ಸಣ್ಣ ಕಂಪನಿಗಳ ಕೈಗೆ ಎಟುಕುವಂಥದ್ದಲ್ಲ.

ಫೈಬರ್ ಈ ತೊಡಕಿಗೆ ದಾರಿ ಮಾಡಿಕೊಟ್ಟಿತು. ರಿಲಯಂಟ್ ಕಂಪನಿಯ ನಿಜವಾದ ಸರಕೇ ಈ ವಿದ್ಯೆ. ದೊಡ್ಡ ಕಾರ್ಖಾನೆ ಇಲ್ಲದ ದೇಶಗಳಿಗೆ ಫೈಬರ್ ಕಾರು ಮಾಡುವುದನ್ನು ಅದು ಕಲಿಸಿಕೊಟ್ಟಿತ್ತು. ಟರ್ಕಿಯಲ್ಲಿ 1966ರಿಂದ ತಯಾರಾದ ಅನಾಡೊಲ್ ಕಾರಿನ ಹಿಂದೆ ಇದ್ದದ್ದೂ ರಿಲಯಂಟ್. ಆ ಕಾರಿನ ಮೈಯನ್ನು ಎತ್ತುಗಳು ಮೇದುಬಿಡುತ್ತವೆ ಎಂಬ ಗಾಳಿಸುದ್ದಿ ಟರ್ಕಿಯ ತುಂಬ ಹಬ್ಬಿತ್ತು. ತಗಡಲ್ಲದ ಕಾರನ್ನು ಜನ ಎಷ್ಟು ಅನುಮಾನದಿಂದ ನೋಡುತ್ತಿದ್ದರು ಎಂಬುದಕ್ಕೆ ಇದೊಂದು ನಮೂನೆ.

ಮೈ

ಫೈಬರ್ ಎಂದು ಗ್ಯಾರೇಜಿನವರು ಕರೆಯುವುದು ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳ ಎರಡೂ ಕೂಡಿದ ವಸ್ತುವನ್ನು. ಮಾಡುವ ಕ್ರಮ ಹೀಗಿದೆ. ಕಾರಿನ ಹೊರಮೈಯ ಆಕಾರವನ್ನು ತನ್ನ ಒಳಮೈಯಲ್ಲಿ ಹೊತ್ತ ಅಚ್ಚೊಂದು ಮೊದಲು ತಯಾರಾಗಬೇಕು. ಅದರ ಒಳಗೋಡೆಗೆ ಅಂಟಿಕೊಳ್ಳದಂತೆ ಮೇಣ ಬಳಿದು, ಬಣ್ಣ ಬೆರೆಸಿದ ತೆಳು ಲೇಪ ಕೊಡುತ್ತಾರೆ. ಈ ಲೇಪವೇ ಕೊನೆಗೆ ಕಾರಿನ ಹೊಳೆಯುವ ಮೇಲ್ಮೈ. ಅದು ಕೊಂಚ ಗಟ್ಟಿಯಾದ ಮೇಲೆ ಗಾಜಿನ ನಾರಿನ ಚಾಪೆಯನ್ನು ಹಾಸಿ, ಗಟ್ಟಿಕಾರಕ ಬೆರೆಸಿದ ರಾಳ ಸುರಿದು, ಒಳಗೆ ಗಾಳಿಗುಳ್ಳೆ ಉಳಿಯದಂತೆ ರೋಲರ್ ಉರುಳಿಸುತ್ತಾರೆ. ಪದರದ ಮೇಲೆ ಪದರ ಬೀಳುತ್ತದೆ. ಬಲ ಬೇಕಾದಲ್ಲಿ, ಅಂದರೆ ಬಾಗಿಲಿನ ತಿರುಗಣೆ, ಸೀಟು, ಬೆಲ್ಟು ಬಿಗಿಯುವ ಜಾಗಗಳಲ್ಲಿ, ಪದರ ಹೆಚ್ಚು. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ ಅಂಚು ಕತ್ತರಿಸಿದರೆ ಮೈ ಸಿದ್ಧ.

ಇದಕ್ಕೆ ಪ್ರೆಸ್ಸು ಬೇಡ, ಕುಲುಮೆ ಬೇಡ. ಪಳಗಿದ ಕೈ ಬೇಕು, ಸಮಯ ಬೇಕು. ದಿನಕ್ಕೆ ನಾಲ್ಕಾರು ಕಾರು ಮಾಡುವವರಿಗೆ ಇದು ಅಗ್ಗ. ದಿನಕ್ಕೆ ನೂರಾರು ಕಾರು ಮಾಡುವವರಿಗೆ ಉಕ್ಕಿನ ಪ್ರೆಸ್ಸೇ ಅಗ್ಗ, ಏಕೆಂದರೆ ಪ್ರೆಸ್ಸು ಒಂದು ಬಾಗಿಲನ್ನು ಒತ್ತಲು ತೆಗೆದುಕೊಳ್ಳುವುದು ಕೆಲವು ಸೆಕೆಂಡು, ರಾಳ ಗಟ್ಟಿಯಾಗಲು ಗಂಟೆಗಳು ಬೇಕು. ಡಾಲ್ಫಿನ್ ಹುಟ್ಟಿದ್ದೂ ಕೊನೆಗೆ ಸೋತದ್ದೂ ಈ ಲೆಕ್ಕದ ಎರಡು ತುದಿಗಳಲ್ಲಿ.

ಒಂದು ಲೀಟರಿನಷ್ಟು ಗಾತ್ರದ ಉಕ್ಕಿನ ತೂಕ ಏಳೂ ಮುಕ್ಕಾಲು ಕಿಲೋ ದಾಟುತ್ತದೆ. ಅಷ್ಟೇ ಗಾತ್ರದ ಫೈಬರಿನ ತೂಕ ಒಂದೂವರೆ ಕಿಲೋ ಆಸುಪಾಸು. ಬಿಗಿ ಸಾಲದ್ದರಿಂದ ಫೈಬರನ್ನು ಉಕ್ಕಿಗಿಂತ ದಪ್ಪವಾಗಿ ಹಾಕಬೇಕು. ಹಾಗೆ ಹಾಕಿದ ಮೇಲೂ ತೂಕದ ಉಳಿತಾಯ ದೊಡ್ಡದೇ. ತುಕ್ಕಿನ ಭಯವಂತೂ ಇಲ್ಲ.

ಚಾಸಿ ಮತ್ತು ಎಂಜಿನ್

ಫೈಬರ್ ಮೈ ತನ್ನಷ್ಟಕ್ಕೆ ಕಾರಿನ ಭಾರ ಹೊರಲಾರದು. ಅದಕ್ಕಾಗಿ ಕೆಳಗೆ ಉಕ್ಕಿನ ಪ್ರತ್ಯೇಕ ಚಾಸಿ ಇದೆ. ನೆಲದ ಮೇಲೆ ಮಲಗಿಸಿದ ನಿಚ್ಚಣಿಕೆಯಂಥದ್ದು: ಉದ್ದಕ್ಕೆ ಎರಡು ತೊಲೆ, ನಡುನಡುವೆ ಅಡ್ಡಪಟ್ಟಿ. ಎಂಜಿನ್, ಗೇರ್‌ಬಾಕ್ಸ್, ಸ್ಪ್ರಿಂಗು ಎಲ್ಲ ಇದಕ್ಕೇ ಬಿಗಿದಿವೆ, ಮೈಯನ್ನು ಮೇಲಿಂದ ಕೂರಿಸಿ ಬೋಲ್ಟ್ ಹಾಕಲಾಗಿದೆ. ನೊಗದಿಂದ ಹಿಂದಿನವರೆಗೆ ಚಾಚಿದ ಮರಗಳ ಮೇಲೆ ಚಕ್ಕಡಿಯ ಹಾಸು ಕೂತ ಹಾಗೆ. ಮೈ ಬಿಚ್ಚಿ ತೆಗೆದರೂ ಗಾಡಿ ಓಡುತ್ತದೆ. ಆಸ್ಟಿನ್ 7ರ ಚಾಸಿಯನ್ನು ಹುಡುಗರು ಓಟದ ಕಾರು ಮಾಡಿಕೊಳ್ಳಲು ಸಾಧ್ಯವಾದದ್ದು ಇಂಥದೇ ರಚನೆಯಿಂದ.

ಎಂಜಿನ್ ನಾಲ್ಕು ಸಿಲಿಂಡರಿನದು. ಪ್ರತಿ ಸಿಲಿಂಡರಿನ ವ್ಯಾಸ 62.5 ಮಿ.ಮೀ., ಪಿಸ್ಟನ್ ಓಡಾಡುವ ದೂರ 69.1 ಮಿ.ಮೀ. ಎರಕದ ಕಬ್ಬಿಣದ ಎಂಜಿನ್ ಬ್ಲಾಕು ಸಾಮಾನ್ಯವಾಗಿದ್ದ ಕಾಲದಲ್ಲಿ ಇದರ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ. ಮೃದು ಲೋಹವಾದ ಅಲ್ಯೂಮಿನಿಯಂ ಪಿಸ್ಟನ್ನಿನ ಉಜ್ಜಾಟ ತಡೆಯದ ಕಾರಣ ಒಳಗೆ ಗಟ್ಟಿ ಲೋಹದ ತೋಳುಗಳನ್ನು ಕೂರಿಸಿದ್ದಾರೆ; ಅವುಗಳ ಹೊರಮೈಗೆ ತಂಪಿನ ನೀರು ನೇರವಾಗಿ ತಾಗುತ್ತದೆ. ಎಂಜಿನ್ ಎಷ್ಟು ಹಗುರವೆಂದರೆ ಇಬ್ಬರು ಸೇರಿ ಎತ್ತಿ ಹೊರಗಿಡಬಹುದು. ಇದರ ಲಾಭ ತೂಕದ ಒಟ್ಟು ಲೆಕ್ಕಕ್ಕಿಂತ ಹೆಚ್ಚಿನದು. ಮೂತಿಯ ಮೇಲೆ ಭಾರ ಕಡಿಮೆಯಾದ್ದರಿಂದ ಸ್ಟೀರಿಂಗ್ ಹಗುರ, ತಿರುವಿನಲ್ಲಿ ಮೂತಿ ಹೇಳಿದ ಕಡೆ ಬೇಗ ತಿರುಗುತ್ತದೆ. ಲೀಟರಿಗೆ 20 ಕಿ.ಮೀ. ಹತ್ತಿರ ಓಡುವ ಗಾಡಿ ಇದು; ಒಂದು ಲೀಟರ್ ಪೆಟ್ರೋಲಿನಲ್ಲಿ ವಿಜಯಪುರದಿಂದ ತಿಕೋಟಾ ಮುಟ್ಟಿದಂತೆ.

ಎಂಜಿನ್ ಮುಂದೆ ಇದ್ದರೂ ಎಳೆಯುವುದು ಹಿಂದಿನ ಗಾಲಿ. ನಡುವೆ ಉದ್ದಕ್ಕೂ ಪ್ರೊಪೆಲ್ಲರ್ ಶಾಫ್ಟ್ ಹಾದಿದೆ. ಮುಂದಿನ ಗಾಲಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಸುರುಳಿ ಸ್ಪ್ರಿಂಗಿನ ಮೇಲೆ ಏರಿಳಿಯುತ್ತವೆ. ಹಿಂದಿನವು ಒಂದೇ ಆ್ಯಕ್ಸಲ್‌ಗೆ ಸೇರಿ, ಟಾಂಗಾ ಮತ್ತು ಲಾರಿಗಳಲ್ಲಿ ಕಾಣುವಂಥ ಪಟ್ಟಿ ಸ್ಪ್ರಿಂಗಿನ ಮೇಲೆ ಕೂತಿವೆ. ಗಾಲಿಯ ವ್ಯಾಸ 10 ಇಂಚು, ನಾಲ್ಕಕ್ಕೂ ಡ್ರಮ್ ಬ್ರೇಕು. ಕಾರಿನ ಉದ್ದ 3.3 ಮೀಟರ್, ಅಗಲ 1.42 ಮೀಟರ್. ಏಳೂವರೆ ಮೀಟರ್ ಒಳಗಿನ ವೃತ್ತದಲ್ಲಿ ಪೂರ್ತಿ ಸುತ್ತಿ ಬರಬಲ್ಲದು. ಕಿರಿದಾದ ಓಣಿಯಲ್ಲೂ ಆಟೊರಿಕ್ಷಾದ ಹಾಗೆ ತಿರುಗಿಸಬಹುದಾದ ಕಾರು ಎನ್ನಬಹುದು.

ಶೋಲಾವರಂನಲ್ಲಿ

ಶೋಲಾವರಂ ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. ಯುದ್ಧ ಮುಗಿದ ಮೇಲೆ ಅದು ರೇಸಿನವರ ಪಾಲಾಯಿತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ನಡೆಸುತ್ತಿದ್ದ ಓಟಗಳಿಗೆ ಬೆಂಗಳೂರು, ಕೊಯಮತ್ತೂರು, ಮುಂಬಯಿ, ಕೋಲ್ಕತ್ತದಿಂದ ಗಾಡಿಗಳು ಬರುತ್ತಿದ್ದವು. ಭಾರತದಲ್ಲಿ ಓಟಕ್ಕೆಂದೇ ತಯಾರಾದ ಕಾರುಗಳು ಬೆರಳೆಣಿಕೆಯವು. ಉಳಿದವರೆಲ್ಲ ರಸ್ತೆಯ ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳನ್ನೇ ಕೆತ್ತಿ ಹಗುರ ಮಾಡಿ ತರಬೇಕಿತ್ತು. 1980ರ ದಶಕದಲ್ಲಿ ಡಾಲ್ಫಿನ್ ಬಂದಾಗ ಆ ಕೆಲಸದ ಬಹುಪಾಲು ಕಾರ್ಖಾನೆಯಲ್ಲೇ ಮುಗಿದಿತ್ತು.

ರಸ್ತೆಯ ಕಾರನ್ನು ಓಟಕ್ಕೆ ಸಜ್ಜುಗೊಳಿಸುವ ರೂಢಿಯ ಕ್ರಮ ಹೀಗೆ: ಹಿಂದಿನ ಸೀಟು, ಹಾಸು, ಒಳಗಿನ ರಟ್ಟು, ಬಂಪರ್ ಎಲ್ಲ ತೆಗೆಯುತ್ತಾರೆ. ಕಾರು ಮಗುಚಿದರೆ ಚಾಲಕನ ತಲೆ ಉಳಿಯಲೆಂದು ಉಕ್ಕಿನ ಕೊಳವೆಯ ಪಂಜರ ಹಾಕುತ್ತಾರೆ. ಹೆಡ್ಡಿನ ತಳವನ್ನು ತುಸು ಹೆರೆದು ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿಸುತ್ತಾರೆ, ದೊಡ್ಡ ಕಾರ್ಬುರೇಟರ್ ಕೂರಿಸುತ್ತಾರೆ, ಹೊಗೆ ಸಲೀಸಾಗಿ ಹೊರಹೋಗುವಂತೆ ಸೈಲೆನ್ಸರ್ ಕೊಳವೆ ಬದಲಿಸುತ್ತಾರೆ. ಸ್ಪ್ರಿಂಗು ಗಿಡ್ಡ ಮಾಡಿ ಕಾರನ್ನು ನೆಲಕ್ಕೆ ಇಳಿಸುತ್ತಾರೆ. ಎತ್ತರಕ್ಕೆ ಹೋಲಿಸಿದರೆ ಅಗಲ ಕಡಿಮೆ ಇರುವ ಡಾಲ್ಫಿನ್‌ನಂಥ ಗಾಡಿಗೆ ಈ ಕೊನೆಯ ಕೆಲಸ ಬಹಳ ಮುಖ್ಯ. ಭಾರದ ಕೇಂದ್ರ ಕೆಳಗಿಳಿಯದಿದ್ದರೆ ತಿರುವಿನಲ್ಲಿ ಒಳಗಿನ ಗಾಲಿ ನೆಲ ಬಿಡುತ್ತದೆ.

ಹಗುರ ಕಾರು ಎಲ್ಲ ಕಡೆ ಗೆಲ್ಲುವುದಿಲ್ಲ. ಬಾವುಟ ಬಿದ್ದೊಡನೆ ಮುಂದಕ್ಕೆ ಚಿಮ್ಮುವಾಗ, ತಿರುವಿನ ಮುನ್ನ ತಡವಾಗಿ ಬ್ರೇಕು ಒತ್ತುವಾಗ, ತಿರುವು ದಾಟಿ ಮತ್ತೆ ವೇಗ ಹಿಡಿಯುವಾಗ ಅದರದೇ ಮೇಲುಗೈ. ಆದರೆ ಓಡುದಾರಿ ನೇರವಾಗಿ ದೂರದವರೆಗೆ ಚಾಚಿದಲ್ಲಿ ಕಾರಿನ ಎದುರಾಳಿ ತೂಕವಲ್ಲ, ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಸೀಳಲು ಅಶ್ವಶಕ್ತಿಯೇ ಬೇಕು. ಅಲ್ಲಿ ದೊಡ್ಡ ಎಂಜಿನ್ನಿನ ಭಾರದ ಕಾರು ಹಿಂದಿನಿಂದ ಬಂದು ದಾಟಿಬಿಡಬಹುದು. ಸಣ್ಣ ಕಾರಿನ ಚಾಲಕ ತಿರುವುಗಳಲ್ಲಿ ಗಳಿಸಿದ್ದನ್ನು ನೇರದಾರಿಯಲ್ಲಿ ಕಾಯ್ದುಕೊಳ್ಳಬೇಕು.

ನಾಲ್ಕು ಜನ ಕೂತಾಗ

ಅದೇ ಗಾಡಿ ಸಂಸಾರದ ಕೈಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಓಟದಲ್ಲಿ ಕೂರುವವನು ಒಬ್ಬ. ಬಬಲೇಶ್ವರದ ಮದುವೆಗೆ ವಿಜಯಪುರದಿಂದ ಹೊರಟ ಕಾರಿನಲ್ಲಿ ಕಡಿಮೆಯೆಂದರೂ ನಾಲ್ವರು, ಮೇಲೆ ಗಂಟು ಮೂಟೆ. ನಾಲ್ವರ ತೂಕ 280 ಕಿಲೋ ಎಂದು ಹಿಡಿದರೆ 520 ಕಿಲೋ ಕಾರಿನ ಭಾರ ಅರ್ಧಕ್ಕಿಂತ ಹೆಚ್ಚು ಏರಿತು. 1,100 ಕಿಲೋ ಮೀರಿದ ಅಂಬಾಸಿಡರಿಗೆ ಅದು ಕಾಲು ಭಾಗದ ಏರಿಕೆ ಮಾತ್ರ. ಟನ್ನಿಗೆ 68 ಇದ್ದ ಅಶ್ವಶಕ್ತಿ ಡಾಲ್ಫಿನ್‌ನಲ್ಲಿ 50ಕ್ಕೆ ಇಳಿಯುತ್ತದೆ. ಪದ್ಮಿನಿಯಲ್ಲಿ 41 ಇದ್ದದ್ದು 34 ಆಗುತ್ತದೆ. ಹಗುರ ಕಾರು ಆಗಲೂ ಮುಂದೆಯೇ ಇದೆ, ಆದರೆ ಅದು ಕಳೆದುಕೊಂಡದ್ದು ಹೆಚ್ಚು. ಸ್ಪ್ರಿಂಗಿನ ಪಾಡೂ ಇದೇ. ಒಬ್ಬನೇ ಇದ್ದಾಗ ಹಿತವಾದ ಸ್ಪ್ರಿಂಗು ನಾಲ್ವರು ಕೂತಾಗ ತಳ ಹಿಡಿಯುತ್ತದೆ. ನಾಲ್ವರಿಗೆ ತಕ್ಕಂತೆ ಗಟ್ಟಿ ಮಾಡಿದರೆ ಒಬ್ಬನನ್ನು ಕುಲುಕಿಸುತ್ತದೆ. ತುಂಬಿದ ಗಾಡಿಗೂ ಖಾಲಿ ಗಾಡಿಗೂ ಇರುವ ಈ ಅಂತರ ಹಗುರ ವಾಹನಗಳೆಲ್ಲಕ್ಕೂ ಅಂಟಿಕೊಂಡ ಕಷ್ಟ.

ಪೇಟೆಯಲ್ಲಿ ಬೇರೆ ತಕರಾರುಗಳೂ ಇದ್ದವು. ಬಾಗಿಲು ಎರಡೇ ಆದ್ದರಿಂದ ಹಿಂದೆ ಕೂರುವ ಹಿರಿಯರು, ಸೀರೆ ಉಟ್ಟ ಹೆಂಗಸರು ಮುಂದಿನ ಸೀಟು ಮಡಚಿ ತೂರಿಕೊಳ್ಳಬೇಕಿತ್ತು. ಕಾರು ಇದ್ದವರಲ್ಲಿ ಅನೇಕರು ಡ್ರೈವರ್ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಕಾಲವದು. ತಟ್ಟಿದರೆ ತಗಡಿನ ಸದ್ದು ಬಾರದ ಮೈ ಕಂಡು ಗಟ್ಟಿಯಿಲ್ಲವೆಂಬ ಭಾವನೆ ಬೇರೆ. ಅದರಲ್ಲಿ ಸತ್ಯದ ಅಂಶವೂ ಇತ್ತು. ಗುದ್ದಿದಾಗ ಉಕ್ಕಿನ ತಗಡು ನುಗ್ಗಾಗಿ ಏಟಿನ ಬಲವನ್ನು ನುಂಗುತ್ತದೆ. ಫೈಬರ್ ನುಗ್ಗಾಗುವುದಿಲ್ಲ, ಬಿರಿದು ಸೀಳುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದದ್ದು ನಿರ್ಣಾಯಕವಾಯಿತು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಬಲ 40ಕ್ಕೆ ಹತ್ತಿರ, ತೂಕ 650 ಕಿಲೋ ಆಸುಪಾಸು. ಅದೂ ಹಗುರ ಕಾರೇ, ಆದರೆ ಹಗುರವಾದ ದಾರಿ ಬೇರೆ. ಡಾಲ್ಫಿನ್‌ನಲ್ಲಿ ಭಾರ ಹೊರುವುದು ಚಾಸಿ, ಮೈ ಬರೀ ಹೊದಿಕೆ. ಮಾರುತಿಯಲ್ಲಿ ಒತ್ತಿದ ಉಕ್ಕಿನ ಮೈಯೇ ಭಾರ ಹೊರುತ್ತದೆ, ಚಾಸಿ ಎಂಬುದು ಬೇರೆ ಇಲ್ಲ. ಮೊಟ್ಟೆಯ ಚಿಪ್ಪಿನ ಬಲದಂತೆ ಅದರ ಬಲ ಆಕಾರದಲ್ಲಿದೆ. ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಗಾಲಿಯನ್ನೇ ತಿರುಗಿಸುವುದರಿಂದ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಮತ್ತು ಹಿಂದಿನ ಭಾರದ ಆ್ಯಕ್ಸಲ್ ಎರಡೂ ತಪ್ಪಿದವು, ಒಳಗೆ ಕಾಲು ಚಾಚಲು ಜಾಗವಾಯಿತು. ನಾಲ್ಕು ಬಾಗಿಲು, ಸಾವಿರಗಟ್ಟಲೆ ಕಾರು ಉಗುಳುವ ಕಾರ್ಖಾನೆ, ಅದರಿಂದ ಇಳಿದ ಬೆಲೆ. ಕೈಯಲ್ಲಿ ಪದರ ಹಾಸಿ ಮಾಡುವ ಕಾರು ಇದರೆದುರು ನಿಲ್ಲಲು ಸಾಧ್ಯವಿರಲಿಲ್ಲ. ಸಿಪಾನಿ ಕಂಪನಿ 1980ರ ದಶಕದ ಕೊನೆಭಾಗದಲ್ಲಿ ಬಾಗಿಲು ಹೆಚ್ಚಿಸಿ ಮೊಂಟಾನಾ ಎಂಬ ರೂಪ ತಂದಿತು, 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರನ್ನು ಜೋಡಿಸಿ ಮಾರಿತು. ಎರಡೂ ಹೆಚ್ಚು ಕಾಲ ನಡೆಯಲಿಲ್ಲ.

ಓಟದ ಬಯಲಿನಲ್ಲೂ ಮಾರುತಿಯೇ ಜಾಗ ಹಿಡಿಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಫಾರ್ಮುಲಾ ಮಾರುತಿ ಕಾರು ರೂಪಿಸಿದರು. ಉಕ್ಕಿನ ಕೊಳವೆಗಳ ಹಂದರ, ಒಬ್ಬನಿಗೆ ಮಾತ್ರ ಸೀಟು, ಬೆನ್ನ ಹಿಂದೆ ಮಾರುತಿ 800ರ ಎಂಜಿನ್. ರಸ್ತೆಯ ಕಾರನ್ನು ಕೆತ್ತಿ ಹಗುರ ಮಾಡುವ ಬದಲು ಮೊದಲಿನಿಂದಲೇ ಹಗುರವಾಗಿ ಕಟ್ಟಿದ ಗಾಡಿಗಳು ಭಾರತದ ಹುಡುಗರ ಕೈಗೆಟುಕುವ ಬೆಲೆಗೆ ಸಿಗತೊಡಗಿದವು. 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟುಕೋಟೈ ಟ್ರ್ಯಾಕು ಸಿದ್ಧವಾದ ಮೇಲೆ ಶೋಲಾವರಂ ಕಾಲ ಮುಗಿಯಿತು.

ಉಳಿಸಿಕೊಳ್ಳುವುದು

ಫೈಬರ್ ಗಾಡಿಯ ಆಯುಷ್ಯ ಇರುವುದು ಮೈಯಲ್ಲಲ್ಲ, ಕೆಳಗಿನ ಉಕ್ಕಿನಲ್ಲಿ. ಹೊರಗೆ ಹೊಳೆಯುವ ಮೈಯ ಅಡಿಯಲ್ಲಿ ಚಾಸಿ ತುಕ್ಕು ಹಿಡಿದಿರಬಹುದು. ಮಳೆ ಕಡಿಮೆ ಇರುವ ವಿಜಯಪುರದ ಸೀಮೆ ಈ ವಿಷಯದಲ್ಲಿ ಕರಾವಳಿಗಿಂತ ವಾಸಿ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಹೊರಲೇಪವನ್ನು ಮಬ್ಬುಗೊಳಿಸಿ ಕೂದಲೆಳೆಯಷ್ಟು ಬಿರುಕು ಮೂಡಿಸುತ್ತದೆ. ನೆರಳು ಬೇಕೇ ಬೇಕು. ಮೈ ಸೀಳಿದರೆ ಡೆಂಟಿಂಗ್ ಸುತ್ತಿಗೆಗೆ ಕೆಲಸವಿಲ್ಲ. ಸೀಳಿದ ಅಂಚನ್ನು ಉಜ್ಜಿ, ಹಿಂದಿನಿಂದ ನಾರಿನ ಚಾಪೆ ಮತ್ತು ರಾಳ ಹಾಕಿ, ಮುಂದಿನಿಂದ ಸಮ ಮಾಡಿ ಬಣ್ಣ ಹೊಡೆದರೆ ಮುಗಿಯಿತು. ಅಲ್ಯೂಮಿನಿಯಂ ಎಂಜಿನ್ನಿಗೆ ಶತ್ರು ಅತಿಶಾಖ. ನೀರು ಬತ್ತಿದ್ದು ಗೊತ್ತಾಗದೆ ಓಡಿಸಿದರೆ ಹೆಡ್ಡು ಸೊಟ್ಟಗಾಗುತ್ತದೆ, ಆದ್ದರಿಂದ ರೇಡಿಯೇಟರ್ ಶುಚಿಯಾಗಿಡುವುದು ಮೊದಲ ಕೆಲಸ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮ ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಎರಡು ಮತ್ತು ನಾಲ್ಕು ಗಾಲಿಯ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಅವಕ್ಕೆ 'ವಿಎ' ಅಕ್ಷರಗಳಿರುವ ನಂಬರು ಸಿಗುತ್ತದೆ. ಷರತ್ತು ಒಂದಿದೆ: ಚಾಸಿ, ಮೈ, ಎಂಜಿನ್ ಮೂಲ ರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು. ಮೊದಲ ಡಾಲ್ಫಿನ್‌ಗಳಿಗೆ 50 ತುಂಬುವುದು 2032ರಲ್ಲಿ. ಹಾಗೆ ನೋಡಿದರೆ ಶೋಲಾವರಂಗಾಗಿ ಕೆತ್ತಿ ಹಗುರ ಮಾಡಿದ ಡಾಲ್ಫಿನ್‌ಗೆ ಈ ನಂಬರು ಸಿಗುವುದು ಕಷ್ಟ. ಸಂಸಾರಸ್ಥರೊಬ್ಬರು ಕೊಂಡು, ಏನೂ ಬದಲಿಸದೆ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಗೆ ಸಿಗುತ್ತದೆ.